ಮಣ್ಣು ಒಡವೆಯಾಗುವ ಬಗೆ

ಹಿಂದೆ ಕೆಳದಿಯ ನಾಯಕರು ಆಳಿದ ಸೀಮೆಯಲ್ಲಿ, ಎಂದರೆ ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ರಸ್ತೆಗಾಗಿ ಗುಡ್ಡವನ್ನು ಕಡಿದೆಡೆಯಲ್ಲೆಲ್ಲ ಕೆಂಪು ಮಣ್ಣಿನ ಗೋಡೆ ಎದ್ದು ಕಾಣುವುದು. ಈ ಕೆಂಪಿಗೆ ಕಾರಣ ಕಬ್ಬಿಣ. ಕಬ್ಬಿಣವನ್ನು ಹೀಗೆ ಬಯಲಿಗೆ ತಂದುದು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಇಂತಹ ಮಳೆಯು ಲಕ್ಷಾಂತರ ವರ್ಷಗಳ ಕಾಲ ಬಂಡೆಯೊಳಗಿನ ಸುಣ್ಣ, ಸೋಡ, ಪೊಟ್ಯಾಷ್ ಮತ್ತು ಸಿಲಿಕದ ಬಹುಭಾಗವನ್ನು ಕರಗಿಸಿ ಒಯ್ದು, ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳನ್ನು ಹಿಂದೆ ಬಿಡುತ್ತದೆ. ಹಾಗೆ ಉಳಿದುದೇ ಜಂಬಿಟ್ಟಿಗೆ. 1800–01ರಲ್ಲಿ ದಕ್ಷಿಣ ದೇಶವನ್ನು ಸುತ್ತಿ, ಇಕ್ಕೇರಿ ನಗರಗಳ ಕಡೆಗೂ ಬಂದಿದ್ದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಜಾತಿಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ಹಳ್ಳಿಗರ ಮಾತಿನಲ್ಲಿಯೂ ಇಟ್ಟಿಗೆಯೇ ಅಡಗಿರುವುದನ್ನು ವಾಚಕರು ಗಮನಿಸಬಹುದು.

ಜಂಬಿಟ್ಟಿಗೆ ಮನೆ ಕಟ್ಟಲು ಒದಗೀತು. ಆದರೆ ಅದರ ಗರಸುಮಣ್ಣಿನಿಂದ ಒಂದು ಮಣಿಯನ್ನೂ ತೀಡಲಾಗದು. ಗುಡ್ಡದಿಂದ ನೀರಿನೊಡನೆ ತೇಲಿಬಂದು ಕೆರೆಯಂಗಳದಲ್ಲಿ, ತಗ್ಗಿನ ಗದ್ದೆಗಳಲ್ಲಿ ನೆಲೆನಿಂತ ನುಣುಪಾದ ಜೇಡಿಯೇ ಅದಕ್ಕೆ ಬೇಕು. ಕುಂಬಾರರು ಮಡಕೆಗಾಗಿ ಅರಸುವುದೂ ಇದನ್ನೇ. ಈಚಿನ ವರ್ಷಗಳಲ್ಲಿ ಮನೆಯ ಜಗಲಿಯಲ್ಲಿಯೋ ಹಿತ್ತಿಲಿನಲ್ಲಿಯೋ ಕುಳಿತು ಸುಟ್ಟ ಮಣ್ಣಿನ ಓಲೆ, ಸರ, ಬಳೆಗಳನ್ನು ಮಾಡುವ ಹವ್ಯಾಸ ನಾಡಿನಲ್ಲಿ ಹಬ್ಬಿದೆ. ಇದನ್ನು ಹೊಸ ಶೋಕಿ ಎಂದು ಭಾವಿಸಬೇಕಾಗಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಮಣಿಗಳೊಳಗೆ ಸುಟ್ಟ ಮಣ್ಣಿನವೂ ಇದ್ದುವು. ಎರಡು ಸಾವಿರ ವರ್ಷ ನೆಲದೊಳಗಿದ್ದರೂ ಅವು ಮತ್ತೆ ಕೆಸರಾಗಲಿಲ್ಲ. ಬಿಸಿಲಿನಲ್ಲಿ ಒಣಗಿಸಿದ ಮಣಿಯಾದರೋ ಒಂದು ಗಂಟೆ ನೀರಿನಲ್ಲಿದ್ದರೆ ಕರಗಿಹೋಗುವುದು. ಈ ಎರಡರ ನಡುವಣ ಅಂತರವನ್ನು ಅರಿತರೆ ಕಸಬಿನ ಮುಕ್ಕಾಲು ಪಾಲು ಅರಿತಂತೆ.

ಜೇಡಿಯ ಕಣಗಳು ಅತಿ ಸೂಕ್ಷ್ಮವಾದ ಚಪ್ಪಟೆ ಹಾಳೆಗಳು. ಅವುಗಳ ನಡುವೆ ನೀರಿರುವುದರಿಂದಲೇ ಒಂದರ ಮೇಲೊಂದು ಜಾರಿ, ಮಣ್ಣು ಬೆರಳು ಹೇಳಿದಂತೆ ಕೇಳುತ್ತದೆ. ನೀರು ಆರಿದಂತೆ ಹಾಳೆಗಳು ಹತ್ತಿರ ಸರಿದು ವಸ್ತು ಕುಗ್ಗುತ್ತದೆ. ಒಣಗುವಾಗಲೂ ಸುಡುವಾಗಲೂ ಸೇರಿ ನೂರಕ್ಕೆ ಹತ್ತರಷ್ಟು ಕುಗ್ಗುವ ಮಣ್ಣು ನಮ್ಮ ಕೈಯಲ್ಲಿದೆ ಎನ್ನೋಣ. ಒಳ ಅಡ್ಡಳತೆ 60 ಮಿಲಿಮೀಟರ್ ಇರುವ ಬಳೆ ಬೇಕಾದರೆ 60ನ್ನು 0.9ರಿಂದ ಭಾಗಿಸಿ, ಸುಮಾರು 66.7 ಮಿಲಿಮೀಟರಿಗೆ ತಿದ್ದಬೇಕು. 66ಕ್ಕೆ ತಿದ್ದಿದವರ ಬಳೆ ಕೈಗೆ ಬಿಗಿಯಾಗುವುದು! ಮಣಿಯ ರಂಧ್ರವೂ ಇದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಒಂದು ಪಕ್ಕ ಬೇಗನೆ ಒಣಗಿದರೆ ಅದು ಮೊದಲು ಕುಗ್ಗಿ, ತೆಳುವಾದ ಪದಕ ಸೊಟ್ಟಗಾಗುತ್ತದೆ ಇಲ್ಲವೆ ಸೀಳುತ್ತದೆ. ಆದುದರಿಂದ ನೆರಳಿನಲ್ಲಿ, ಬಟ್ಟೆ ಮುಚ್ಚಿ, ಆಗಾಗ ಮಗುಚಿ ಒಣಗಿಸುವುದು ಲೇಸು.

ಮಲೆನಾಡಿನ ಮಳೆಗಾಲ ನಿಧಾನವಾಗಿ ಒಣಗಿಸಲು ಅನುಕೂಲ, ಪೂರ್ತಿಯಾಗಿ ಒಣಗಿಸಲು ಪ್ರತಿಕೂಲ. ಒಂದು ಗ್ರಾಂ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆವಿಯಾದರೆ ಸುಮಾರು 1,700 ಘನ ಸೆಂಟಿಮೀಟರಿನಷ್ಟು ಜಾಗವನ್ನು ಬೇಡುತ್ತದೆ. ಒಳಗೆ ತೇವ ಉಳಿದ ದಪ್ಪ ಮಣಿಯನ್ನು ಅವಸರದಿಂದ ಕಾಯಿಸಿದರೆ ಅದು ಸಿಡಿದು ನೆರೆಯ ಮಣಿಗಳನ್ನೂ ಒಡೆಯುವುದು. ಅಡುಗೆಯ ಒಲೆಯ ಮೇಲಿನ ಅಟ್ಟದಲ್ಲಿ ಕೆಲವು ದಿನ ಇಟ್ಟಿದ್ದರೆ ಈ ಭಯವಿರದು.

ಇಷ್ಟಾದರೂ ಮಣ್ಣು ಮಣ್ಣೇ. ಜೇಡಿಯ ಮುಖ್ಯ ಖನಿಜವಾದ ಕೇಯೊಲಿನೈಟಿನಲ್ಲಿ ತೂಕದ ನೂರಕ್ಕೆ 14ರಷ್ಟು ನೀರು ಅಣುರಚನೆಯಲ್ಲಿಯೇ ಬೆಸೆದುಕೊಂಡಿದೆ. ಅದು ಬಿಡುಗಡೆಯಾಗುವುದು 450ರಿಂದ 600 ಡಿಗ್ರಿಗಳ ನಡುವೆ. ಆಗ ಹಾಳೆಗಳ ಮೂಲರಚನೆ ಕುಸಿಯುವುದು. ಬಳಿಕ ಎಷ್ಟು ನೀರು ಹೊಯ್ದರೂ ಅದು ಕೆಸರಾಗದು. ಇದೇ ಮಜಲಿನಲ್ಲಿ, 573 ಡಿಗ್ರಿಯಲ್ಲಿ, ಮಣ್ಣಿನೊಳಗಿನ ಮರಳು ಸ್ಫಟಿಕರೂಪವನ್ನು ಬದಲಿಸಿ ಒಮ್ಮೆಗೇ ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ. ಆವಿಗೆಯನ್ನು ಬೇಗ ತೆರೆದು ಒಡವೆಗಳನ್ನು ಕಳೆದುಕೊಳ್ಳುವವರು ಬಹುಮಂದಿ. ಇನ್ನೂ ಮೇಲೆ, 900 ಡಿಗ್ರಿಯ ಸುತ್ತಮುತ್ತ, ಕಣಗಳ ಅಂಚುಗಳು ಒಂದಕ್ಕೊಂದು ಬೆಸೆದು ಗಟ್ಟಿತನ ಬರುತ್ತದೆ. ಉಷ್ಣಮಾಪಕವಿಲ್ಲದವರಿಗೆ ಬೆಳಕೇ ಅಳತೆ: ಕತ್ತಲೆಯಲ್ಲಿ ವಸ್ತು ಮಂದವಾಗಿ ಕೆಂಪೇರತೊಡಗುವುದು ಸುಮಾರು 525 ಡಿಗ್ರಿಯಲ್ಲಿ, ಕಿತ್ತಳೆಯ ಛಾಯೆ ತಳೆಯುವಾಗ 900 ದಾಟಿರುತ್ತದೆ.

ಓಲೆಯ ಕೊಕ್ಕೆಯನ್ನು ಮಾತ್ರ ಸುಟ್ಟ ಮೇಲೆಯೇ ಸಿಕ್ಕಿಸಬೇಕು. ಬೆಳ್ಳಿ 961 ಡಿಗ್ರಿಯಲ್ಲಿ ಕರಗುತ್ತದೆ. ಕರಗದ ಲೋಹವಾದರೂ ಮಣ್ಣು ಕುಗ್ಗುವಾಗ ತಾನು ಹಿಗ್ಗಿ ಅದನ್ನು ಸೀಳುತ್ತದೆ.

ಬಣ್ಣದ ವಿಷಯ ಇನ್ನೂ ಸ್ವಾರಸ್ಯವಾದುದು. ಗಾಳಿ ಧಾರಾಳವಾಗಿ ಆಡುವ ಆವಿಗೆಯಲ್ಲಿ ಕಬ್ಬಿಣವು ಸಾಕಷ್ಟು ಆಮ್ಲಜನಕವನ್ನು ಪಡೆದು ಕೆಂಪು ಆಕ್ಸೈಡಾಗುತ್ತದೆ. ಅದೇ ಮಣಿಯನ್ನು ಬತ್ತದ ಹೊಟ್ಟಿನಲ್ಲಿ ಹೂತು, ಗಾಳಿಯಾಡದಂತೆ ಮುಚ್ಚಿ ಸುಟ್ಟರೆ, ಅರೆಬೆಂದ ಹೊಗೆ ಕಬ್ಬಿಣದಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಪ್ಪು ಆಕ್ಸೈಡನ್ನು ಉಳಿಸುತ್ತದೆ. ಇಂಗಾಲವೂ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಬ್ರಹ್ಮಗಿರಿಯ ಬೃಹತ್ ಶಿಲಾಯುಗದ ಮಡಕೆಗಳಲ್ಲಿ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟುದರಿಂದ ಒಳಗೆ ಗಾಳಿ ತಾಗಲಿಲ್ಲ, ಹೊರಗೆ ತಾಗಿತು ಎಂಬುದು ಹೆಚ್ಚಾಗಿ ಒಪ್ಪಿತವಾಗಿರುವ ವಿವರಣೆ. ಒಂದೇ ಮುದ್ದೆ, ಒಂದೇ ಬೆಂಕಿ, ಎರಡು ಬಣ್ಣ! ಅಂಗಡಿಯ ಬಣ್ಣವನ್ನು ಮೇಲೆ ಬಳಿದು ಮಣ್ಣಿನ ಗುರುತೇ ಸಿಗದಂತೆ ಮಾಡುವುದಕ್ಕಿಂತ ಇದು ನಮಗೆ ಹೆಚ್ಚು ಮೆಚ್ಚುಗೆ.

ಹೊಳಪು ಬೇಕೆಂಬವರು ಗಾಜಿನ ಲೇಪಕ್ಕೆ ಕೈಹಾಕುವ ಮುನ್ನ ಒಂದು ಮಾತನ್ನು ತಿಳಿದಿರಬೇಕು. ಸಿಲಿಕವು ತಾನಾಗಿ ಕರಗಲು 1,700 ಡಿಗ್ರಿಯಷ್ಟು ಶಾಖ ಬೇಕು. ಸೀಸದ ಆಕ್ಸೈಡು ಬೆರೆತರೆ ಮನೆಯ ಆವಿಗೆಯ ಶಾಖದಲ್ಲಿಯೇ ಕರಗಿ ಸೊಗಸಾಗಿ ಹೊಳೆಯುತ್ತದೆ. ಹಿಂದಿನವರು ಇದನ್ನು ಧಾರಾಳವಾಗಿ ಬಳಸಿದರು. ಆದರೆ ಸರಿಯಾಗಿ ಬೇಯದ ಲೇಪದಿಂದ ಸೀಸವು ಆಮ್ಲೀಯವಾದ ದ್ರವಕ್ಕೆ ಸುಲಭವಾಗಿ ಬಿಟ್ಟುಕೊಡುವುದು. ಲೇಪದ ಪುಡಿಯನ್ನು ಮನೆಯಲ್ಲಿ ಕಲಸುವವರ ಉಸಿರಿಗೂ ಅದು ಸೇರುವುದು. ಮಕ್ಕಳು ಸರದ ಮಣಿಯನ್ನು ಬಾಯಿಗಿಡದೆ ಇರುವುದುಂಟೆ? ಬೆಳೆಯುವ ಮಿದುಳಿಗೆ ಇಷ್ಟು ಸೀಸ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಾಗಿಲ್ಲ. ಸೀಸದ ಬದಲು ಬೋರಾನ್ ಬೆರೆತ ಸಿದ್ಧಲೇಪಗಳು ಇಂದು ದೊರೆಯುತ್ತವೆ. ಅದಕ್ಕಿಂತ ಸರಳವಾದ ಉಪಾಯವೆಂದರೆ, ಅರೆ ಒಣಗಿದ ಮಣಿಯನ್ನು ನುಣುಪಾದ ಹೊಳೆಗಲ್ಲಿನಿಂದ ಉಜ್ಜುವುದು. ಮೇಲ್ಮೈಯ ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುವುವು. ಶಾಖ 1,000 ಡಿಗ್ರಿಯ ಸಮೀಪಕ್ಕೇರಿದರೆ ಈ ಹೊಳಪು ಮಾಸುತ್ತದೆ. ಆದುದರಿಂದ 800–900ರಲ್ಲಿ ನಿಲ್ಲಿಸಬೇಕು.

ಪಶ್ಚಿಮ ಆಫ್ರಿಕದ ಕೆಲವೆಡೆ ಕುಂಬಾರ ಹೆಂಗಸರು ಬೆಂಕಿಯಿಂದ ಆಗತಾನೆ ತೆಗೆದ ಮಡಕೆಗೆ ಮರದ ತೊಗಟೆಯ ಕಷಾಯವನ್ನು ಎರಚಿ ಕಪ್ಪು ಮಿಶ್ರಿತ ಕಂದುಬಣ್ಣ ತರುತ್ತಾರೆ. ಆ ಕಷಾಯದಲ್ಲಿರುವುದು ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರಿನಲ್ಲಿಯೂ ಟ್ಯಾನಿನ್ ಹೇರಳವಾಗಿದೆ. ಕೆಳದಿಯ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ಅದಕ್ಕೇನೂ ಬರವಿಲ್ಲ. ಒಂದೇ ಜೇಡಿಯಿಂದ ಹನ್ನೆರಡು ಮಣಿಗಳನ್ನು ಮಾಡಿ, ಒಟ್ಟಿಗೆ ಸುಟ್ಟು, ಆರನ್ನು ಬಿಸಿಯಿರುವಾಗಲೇ ಉದ್ದನೆಯ ಇಕ್ಕಳದಿಂದ ಹಿಡಿದು ಚೊಗರಿಗೆ ಅದ್ದಿ, ಉಳಿದ ಆರನ್ನು ಹಾಗೆಯೇ ಆರಲು ಬಿಡಿ. ಬಳಿಕ ಎಲ್ಲವನ್ನೂ ತೂಗಿ, ಒಂದು ರಾತ್ರಿ ನೀರಿನಲ್ಲಿಟ್ಟು, ಒರಸಿ ಮತ್ತೆ ತೂಗಿ. ಯಾವ ಗುಂಪು ಹೆಚ್ಚು ನೀರು ಕುಡಿಯಿತು, ಯಾವುದರ ಬಣ್ಣ ಉಳಿಯಿತು ಎಂಬುದನ್ನು ನಿಮ್ಮ ತಕ್ಕಡಿಯೇ ಹೇಳುವುದು.