ಗೋಡೆಯ ಅರಳಿಯಿಂದ ಒಂದು ಪಾಠ: ಏಳನೇ ತರಗತಿಯ ಬೋಧನಾಭ್ಯಾಸದ ಅನುಭವ

ಹಿನ್ನೆಲೆ

ಬಿ.ಇಡ್. ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಿಯೋಜಿಸಿದ್ದರು. ಏಳನೇ ತರಗತಿಯಲ್ಲಿ 34 ಮಕ್ಕಳು. ವಿಜ್ಞಾನದಲ್ಲಿ ನನ್ನ ಪಾಲಿಗೆ ಬಂದದ್ದು ಸಸ್ಯಗಳಲ್ಲಿ ಸಾಗಾಣಿಕೆ. ಕರ್ಣಕುಂಡಲದ ಟೊಂಗೆಯನ್ನು ಕೆಂಪು ಶಾಯಿಯ ನೀರಿನಲ್ಲಿಟ್ಟು, ಕಾಂಡ ಸೀಳಿ ತೋರಿಸುವ ಪ್ರಯೋಗವನ್ನು ಪಾಠ ಯೋಜನೆಯಲ್ಲಿ ಬರೆದುಕೊಂಡು ಮಾರ್ಗದರ್ಶಕ ಶಿಕ್ಷಕಿಯವರಿಗೆ ತೋರಿಸಿದೆ. ಅವರು ಓದಿ, "ಮಾಡಿ, ಬೇಡ ಅನ್ನೋದಿಲ್ಲ. ಪ್ರತಿ ವರ್ಷ ಬರುವವರೆಲ್ಲ ಇದನ್ನೇ ಮಾಡ್ತಾರೆ. ನೀರು ಮೇಲಕ್ಕೆ ಹೋಗುತ್ತೆ ಅನ್ನೋದು ಮಕ್ಕಳಿಗೆ ಗೊತ್ತಾಗುತ್ತೆ. ಹೋಗದಿದ್ದರೆ ಗಿಡಕ್ಕೆ ಏನಾಗುತ್ತೆ ಅನ್ನೋದು ಗೊತ್ತಾಗೋದಿಲ್ಲ" ಎಂದರು.

ಅದೇ ವಾರ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕಾಂಪೌಂಡ್ ಗೋಡೆ ರಿಪೇರಿಯ ಮಾತು ಬಂತು. ಗಾರೆ ಬಿಟ್ಟ ಕಲ್ಲುಗಳ ಸಂದಿಯಲ್ಲಿ ಅರಳಿ ಗಿಡಗಳು ಬೆಳೆದು ಗೋಡೆ ಬಿರಿದಿತ್ತು. ಎಲ್ಲವನ್ನೂ ಕಡಿದು ಸಿಮೆಂಟ್ ತುಂಬಿಸುವುದೆಂದು ತೀರ್ಮಾನವಾಯಿತು. ನನಗೆ ನನ್ನ ಸೋದರಮಾವನ ತಾರಸಿ ನೆನಪಾಯಿತು. ಅವರ ಹತ್ತು–ಹನ್ನೆರಡು ಬೋನ್ಸಾಯ್ ಕುಂಡಗಳಲ್ಲಿ ಒಂದನ್ನೂ ನರ್ಸರಿಯಿಂದ ತಂದಿಲ್ಲ. ಹಳೆ ಬಾವಿಯ ಕಟ್ಟೆ, ಪಾಳು ಗೋಡೆ, ಒಡೆಯಲಿರುವ ಮನೆಗಳಿಂದ ಕಿತ್ತು ತಂದ ಅರಳಿ, ಆಲ, ಬಸರಿ ಗಿಡಗಳೇ ಎಲ್ಲ. ಹೀಗೆ ತಾನಾಗಿ ಬೆಳೆದ ಗಿಡವನ್ನು ತಂದು ಪಳಗಿಸುವುದಕ್ಕೆ ಜಪಾನೀಯರು 'ಯಮದೋರಿ' ಎನ್ನುತ್ತಾರೆ; 'ಯಮ' ಎಂದರೆ ಬೆಟ್ಟ, 'ತೋರಿ' ಎಂದರೆ ತೆಗೆದುಕೊಳ್ಳುವುದು. ಕಿತ್ತ ಗಿಡವನ್ನು ಬದುಕಿಸುವುದೆಂದರೆ ಸಾಗಾಣಿಕೆಯ ಪಾಠವನ್ನು ಕೈಯಾರೆ ಮಾಡುವುದೇ ಎಂದು ಹೊಳೆಯಿತು. ಮುಖ್ಯ ಶಿಕ್ಷಕರ ಅನುಮತಿ ಪಡೆದು ಎರಡು ಗಿಡಗಳನ್ನು ಆರಿಸಿಕೊಂಡೆ.

ಈ ಬರಹ ಆ ಪಾಠದ ವರದಿ. ಒಂದು ಗಿಡ ಉಳಿಯಿತು, ಇನ್ನೊಂದನ್ನು ನಾನು ಸಾಯಿಸಿದೆ. ಎರಡನ್ನೂ ಬರೆಯುತ್ತಿದ್ದೇನೆ.

ಪಾಠದ ಹಂತಗಳು

ಗಿಡ ಕೀಳುವ ಪ್ರತಿ ಕೆಲಸಕ್ಕೂ ಒಂದು ಕಲಿಕಾಂಶವನ್ನೂ ಒಂದು ಪ್ರಶ್ನೆಯನ್ನೂ ಜೋಡಿಸಿದೆ. ಮಕ್ಕಳು ಉತ್ತರ ಹೇಳಿದ ಮೇಲೆಯೇ ಕೆಲಸ ಮುಂದುವರಿಯಬೇಕೆಂಬುದು ನಿಯಮ.

1. ಆಯ್ಕೆ. ಪ್ರಶ್ನೆ: ಇಲ್ಲಿ ಇದನ್ನು ನೆಟ್ಟವರು ಯಾರು? "ಯಾರೂ ಇಲ್ಲ, ಹಕ್ಕಿ" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಕಾಗೆ, ಗೊರವಂಕ, ಪಿಕಳಾರ, ಬಾವಲಿಗಳು ಅರಳಿಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಸಾಸಿವೆಗಿಂತ ಸಣ್ಣ ಬೀಜ ಮೊಳೆಯುತ್ತದೆ. ಗೋಡೆಯ ಸಂದಿಯಲ್ಲಿ ಮಣ್ಣು ಕಡಿಮೆ, ನೀರು ಕಡಿಮೆ. ಆದ್ದರಿಂದ ಗಿಡ ಎತ್ತರಕ್ಕೆ ಹೋಗದೆ ಬುಡ ದಪ್ಪವಾಗಿ, ಬಾಗಿ ಬೆಳೆದಿರುತ್ತದೆ. ಬೋನ್ಸಾಯ್ ಮಾಡುವವರು ಹುಡುಕುವುದು ಇಂಥ ಬುಡವನ್ನೇ.

2. ಕಾಲ. ಪ್ರಶ್ನೆ: ಏಪ್ರಿಲ್‌ನಲ್ಲಿ ಏಕೆ ಬೇಡ? ಬಿಸಿಲು, ಒಣಗಾಳಿಯಲ್ಲಿ ಎಲೆಯಿಂದ ನೀರು ಬೇಗ ಆವಿಯಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಬಾಷ್ಪವಿಸರ್ಜನೆ ನಿಧಾನ. ನಾವು ಕಿತ್ತದ್ದು ಜುಲೈ ಎರಡನೇ ವಾರ, ಮೋಡ ಕವಿದ ಒಂದು ಸಂಜೆ. ಹಿಂದಿನ ದಿನ ಅಂಗಳದ ಹೊಂಗೆಯಲ್ಲಿ ಎಲೆಯಿರುವ ಒಂದು ಟೊಂಗೆಗೂ ಎಲೆ ತೆಗೆದ ಒಂದು ಟೊಂಗೆಗೂ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿದ್ದೆವು. ಮೊದಲನೆಯದರಲ್ಲಿ ಹನಿಗಳು ಕಟ್ಟಿದ್ದನ್ನು ಮಕ್ಕಳು ನೋಡಿದ್ದರಿಂದ ಉತ್ತರ ಸುಲಭವಾಯಿತು.

3. ಎಲೆ ಸವರುವುದು. ಪ್ರಶ್ನೆ: ಬೇರು ಅರ್ಧ ಹೋಗುತ್ತದೆ ಎಂದರೆ ಎಲೆ ಎಷ್ಟಿರಬೇಕು? ತೊಟ್ಟನ್ನು ಉಳಿಸಿ ಎಲೆಯ ಹಾಳೆಯನ್ನಷ್ಟೇ ಕತ್ತರಿಸಿದೆವು. ತೊಟ್ಟು ಒಣಗಿ ತಾನೇ ಉದುರುತ್ತದೆ. ಒಸರುವ ಬಿಳಿ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ಹೇಳಿ, ಕೊನೆಗೆ ಎಲ್ಲರೂ ಸೋಪು ಹಾಕಿ ಕೈ ತೊಳೆದರು.

4. ಬೇರು ಬಿಡಿಸುವುದು. ಪ್ರಶ್ನೆ: ನೀರು ಹೀರುವುದು ದಪ್ಪ ಬೇರೋ, ಎಳೆ ಬೇರೋ? ಬಹುಪಾಲು ಮಕ್ಕಳು ದಪ್ಪ ಬೇರು ಎಂದರು. ಬೇರುರೋಮಗಳಿರುವುದು ಎಳೆಯ ಬೇರಿನ ತುದಿಯ ಹತ್ತಿರ. ದಪ್ಪ ಬೇರು ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ನೀರನ್ನು ಸಾಗಿಸುತ್ತದೆ, ಆಹಾರ ಕೂಡಿಡುತ್ತದೆ. ಗೋಡೆಗೆ ನೀರು ಹೊಯ್ದು ನೆನೆಸಿ, ಚಾಣ ಮತ್ತು ಸುತ್ತಿಗೆಯಿಂದ ಗಾರೆ ಬಿಡಿಸಿದ್ದು ಗಾರೆ ಕೆಲಸದವರು. ಮಕ್ಕಳು ದೂರ ನಿಂತು ನೋಡಿದರು. ದಪ್ಪ ಬೇರನ್ನು ಒಂದೇ ಏಟಿಗೆ ನುಣ್ಣಗೆ ಕತ್ತರಿಸಿ, ಎಳೆ ಬೇರುಗಳನ್ನು ಸಾಧ್ಯವಾದಷ್ಟು ಉಳಿಸಿಕೊಂಡೆವು.

5. ತೇವ ಕಾಯುವುದು. ಕಿತ್ತ ಕೂಡಲೇ ಬೇರಿಗೆ ಒದ್ದೆ ಗೋಣಿತಾಟು ಸುತ್ತಿದೆವು. ಬೇರುರೋಮಗಳು ಬರಿ ಗಾಳಿಗೆ ನಿಮಿಷಗಳಲ್ಲಿ ಒಣಗುತ್ತವೆ.

6. ಕೂರಿಸುವುದು. ಪ್ರಶ್ನೆ: ಕುಂಡಕ್ಕೆ ತೂತು ಏಕೆ? ಬೇರಿಗೂ ಗಾಳಿ ಬೇಕು. ತಳಕ್ಕೆ ತೂತು ಮಾಡಿದ ಎರಡು ಹಳೆಯ ಪೇಂಟ್ ಬಕೆಟ್‌ಗಳಿಗೆ ಇಟ್ಟಿಗೆ ಚೂರು, ಮರಳು, ಕೆಮ್ಮಣ್ಣು ತುಂಬಿದೆವು. ಗೊಬ್ಬರ ಹಾಕಲಿಲ್ಲ. ಗಿಡ ಗಾಳಿಗೆ ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆಂದು ದಾರದಿಂದ ಬಕೆಟ್‌ಗೆ ಬಿಗಿದು, ವರಾಂಡದ ನೆರಳಿನಲ್ಲಿ ಇಟ್ಟೆವು.

ಎಡವಿದ್ದು

ಹದಿನಾರನೆಯ ದಿನ ಒಂದನೇ ಬಕೆಟ್ಟಿನ ಗಿಡದಲ್ಲಿ ಕೆಂಪು ಚಿಗುರು ಕಾಣಿಸಿತು. ಮಕ್ಕಳ ಸಂಭ್ರಮ ಹೇಳತೀರದು. ಎರಡನೆಯದು ಬೋಳಾಗಿಯೇ ಇತ್ತು. ನನ್ನ ದಿನಚರಿಯಲ್ಲಿ 'ಒಂದನೇ ಗಿಡ ಯಶಸ್ವಿ' ಎಂದು ಬರೆದೆ.

ಇಪ್ಪತ್ತಾರನೆಯ ದಿನ ನನ್ನ ವೀಕ್ಷಣಾ ಪಾಠವಿತ್ತು. ಕಾಲೇಜಿನಿಂದ ವಿಧಾನ ಬೋಧಕರು ಬರುವವರಿದ್ದರು. ಪೇಂಟ್ ಬಕೆಟ್ ಮೇಜಿನ ಮೇಲೆ ಚೆನ್ನಾಗಿ ಕಾಣುವುದಿಲ್ಲ ಎನ್ನಿಸಿತು. ಹಿಂದಿನ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಒಂದನೇ ಗಿಡವನ್ನು ಎತ್ತಿ, ಮಣ್ಣು ಕೊಡವಿ, ಅಂಗಡಿಯಿಂದ ತಂದ ಅಗಲವಾದ ಬೋನ್ಸಾಯ್ ತಟ್ಟೆಗೆ ಕೂರಿಸಿದೆ. ಕತ್ತರಿಸಿದ ಬೇರಿನ ತುದಿಯಲ್ಲಿ ಎರಡು ಮೂರು ಬಿಳಿ ಎಳೆಗಳಷ್ಟೇ ಇದ್ದವು. ಮಣ್ಣು ಕೊಡವುವಾಗ ಅವೂ ಮುರಿದವು. ನೋಡಿಯೂ ನಾನು ನಿಲ್ಲಿಸಲಿಲ್ಲ.

ಪಾಠ ಚೆನ್ನಾಗಿಯೇ ಆಯಿತು. ಗಿಡ ಮೇಜಿನ ಮೇಲೆ ಪುಟ್ಟ ಮರದಂತೆ ನಿಂತಿತ್ತು, ಮಕ್ಕಳು ಉತ್ತರ ಹೇಳಿದರು, ಅಂಕಗಳೂ ಬಂದವು. ಮೂರನೆಯ ದಿನ ಚಿಗುರು ಜೋತುಬಿತ್ತು. ಎರಡು ವಾರದಲ್ಲಿ ಕಾಂಡ ಒಣಗಿತು. ನಾನು ದಿನಕ್ಕೆರಡು ಬಾರಿ ನೀರು ಹಾಕುತ್ತಿದ್ದೆ. ಹೀರಲು ಬೇರೇ ಇಲ್ಲದ ಗಿಡಕ್ಕೆ ಅದರಿಂದ ಏನೂ ಆಗಲಿಲ್ಲ.

ಒಬ್ಬ ಹುಡುಗಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹತ್ತಿರ ಬಂದು, "ಮಿಸ್, ಬಕೆಟ್ಟಲ್ಲೇ ಬಿಟ್ಟಿದ್ರೆ ಬದುಕ್ತಿತ್ತಾ?" ಎಂದು ಕೇಳಿದಳು. ಬಿಸಿಲು ಹೆಚ್ಚಾಯಿತು ಎಂದೋ ಇರುವೆ ಬಂತು ಎಂದೋ ಹೇಳಿಬಿಡಬಹುದಿತ್ತು. "ಬದುಕ್ತಿತ್ತೇನೋ. ನಾನು ಅವಸರ ಮಾಡಿದೆ" ಎಂದೆ. ಅದನ್ನೇ ತರಗತಿಯಲ್ಲಿ ಎಲ್ಲರ ಮುಂದೆಯೂ ಹೇಳಬೇಕೆನಿಸಿತು.

ಯೋಜನೆಯಲ್ಲಿಲ್ಲದ ಪಾಠ

ಮಾರ್ಗದರ್ಶಕ ಶಿಕ್ಷಕಿಯವರನ್ನು ಕೇಳಿ ಒಂದು ಹೆಚ್ಚುವರಿ ಅವಧಿ ಪಡೆದೆ. ಸತ್ತ ಗಿಡವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಇದ್ದಂತೆ ಹೇಳಿದೆ. ಮಕ್ಕಳು ಒಬ್ಬೊಬ್ಬರಾಗಿ ಉಗುರಿನಿಂದ ತೊಗಟೆ ಕೆರೆದು ನೋಡಿದರು: ಒಳಗೆ ಕಂದು. ಎರಡನೇ ಬಕೆಟ್ಟಿನ ಬೋಳು ಗಿಡದಲ್ಲಿ ಒಂದೇ ಕಡೆ ಸ್ವಲ್ಪ ಕೆರೆದೆವು: ಒಳಗೆ ಹಸಿರು. ಎಲೆಯಿಲ್ಲದ ಗಿಡ ಬದುಕಿದೆ, ಎಲೆ ಬಿಟ್ಟಿದ್ದ ಗಿಡ ಸತ್ತಿದೆ ಎಂಬುದು ಅವರಿಗೆ ಒಗಟಾಯಿತು.

"ಹಾಗಾದರೆ ಬೇರಿಲ್ಲದೆ ಆ ಚಿಗುರು ಎಲ್ಲಿಂದ ಬಂತು?" ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಹುಡುಗ, "ನಮ್ಮನೇಲಿ ಈರುಳ್ಳಿ ಚೀಲದಲ್ಲೇ ಮೊಳಕೆ ಬರುತ್ತಲ್ಲ ಮಿಸ್, ಹಂಗೆ" ಎಂದ. ನನ್ನ ಪಾಠ ಯೋಜನೆಯ ಯಾವ ಪುಟದಲ್ಲೂ ಇಷ್ಟು ಒಳ್ಳೆಯ ವಿವರಣೆ ಇರಲಿಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಮೊದಲ ಚಿಗುರು ಬರುತ್ತದೆ. ಎಲೆ ಬಿಚ್ಚಿದೊಡನೆ ಬಾಷ್ಪವಿಸರ್ಜನೆ ಶುರುವಾಗುತ್ತದೆ. ಆ ಹೊತ್ತಿಗೆ ಹೊಸ ಬೇರು ತಯಾರಿಲ್ಲದಿದ್ದರೆ ಖರ್ಚು ಇದೆ, ಆದಾಯವಿಲ್ಲ. ಕಾಡುಗಿಡ ತರುವವರು ಮೊದಲ ಚಿಗುರನ್ನು ನಂಬದಿರುವುದು ಇದಕ್ಕೇ. ಎರಡನೇ ಸುತ್ತಿನ ಚಿಗುರು ಬರಬೇಕು, ನಡುಹಗಲಿನಲ್ಲಿ ಎಲೆ ಬಾಡದೆ ನಿಲ್ಲಬೇಕು, ಸಾಧ್ಯವಾದರೆ ಕುಂಡದ ತೂತಿನಲ್ಲಿ ಬಿಳಿ ಬೇರು ಕಾಣಬೇಕು. ಅಲ್ಲಿಯವರೆಗೆ ಕುಂಡ ಬದಲಿಸುವಂತಿಲ್ಲ, ಗೊಬ್ಬರ ಕೊಡುವಂತಿಲ್ಲ.

ಆ ಅವಧಿಯ ಕೊನೆಗೆ ಇನ್ನೊಂದು ಪ್ರಶ್ನೆ ಬಂತು: "ಸಾಲುಮರದ ತಿಮ್ಮಕ್ಕ ರಸ್ತೆಯುದ್ದಕ್ಕೂ ಆಲದ ಮರ ಬೆಳೆಸಿದ್ರು. ನೀವು ಮರ ಆಗೋದನ್ನ ಕುಂಡಕ್ಕೆ ಹಾಕ್ತೀರಲ್ಲ ಮಿಸ್, ಅದು ಸರೀನಾ?" ಹುಲಿಕಲ್–ಕುದೂರು ರಸ್ತೆಯ 385 ಆಲದ ಮರಗಳ ವಿಷಯ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಈ ಗಿಡಗಳನ್ನು ಹೇಗೂ ಕಡಿಯುತ್ತಿದ್ದರು ಎಂದು ಉತ್ತರಿಸಿದೆ. "ಹಂಗಾದ್ರೆ ಕಾಡಿಂದ ತರಬಹುದಾ?" ಎಂಬ ಮರುಪ್ರಶ್ನೆ ಬಂತು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೆಂದು ವಿವರಿಸಿ, ಕಾನೂನಿನ ಮಾತಿಗೆ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದೆ: ಈ ಗಿಡ ಇಲ್ಲೇ ಇದ್ದರೆ ಬೆಳೆಯುತ್ತದೆಯೇ? ಈ ಜಾಗದ ಯಜಮಾನರು ಒಪ್ಪಿದ್ದಾರೆಯೇ? ಇದನ್ನು ಬದುಕಿಸುವ ತಾಳ್ಮೆ ನಮಗಿದೆಯೇ? ಮೂರನೆಯದನ್ನು ಬರೆಯುವಾಗ ಸತ್ತ ಗಿಡ ಮೇಜಿನ ಮೇಲೆಯೇ ಇತ್ತು.

ಬೋಧಕರ ಟಿಪ್ಪಣಿ ಮತ್ತು ನನ್ನ ತಿದ್ದುಪಡಿ

ಈ ಎಲ್ಲವನ್ನೂ ವಿಧಾನ ಬೋಧಕರಿಗೆ ಬರೆದು ಒಪ್ಪಿಸಿದೆ. ಅವರು ಎರಡು ದೋಷ ತೋರಿಸಿದರು. ಮೊದಲನೆಯದು, ಎರಡು ಗಿಡಗಳನ್ನು ಹೋಲಿಸಿ 'ಕುಂಡ ಬದಲಿಸಿದ್ದರಿಂದಲೇ ಸತ್ತಿತು' ಎಂದು ಪ್ರಯೋಗದ ಫಲಿತಾಂಶದಂತೆ ಬರೆದಿದ್ದೆ. ಗಿಡಗಳ ದಪ್ಪ ಬೇರೆ, ಉಳಿದ ಬೇರಿನ ಪ್ರಮಾಣ ಬೇರೆ. ಒಂದೊಂದೇ ಗಿಡದಿಂದ ಬರುವುದು ವೀಕ್ಷಣೆ, ಪ್ರಯೋಗವಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೂ ಹೇಳಬೇಕಿತ್ತು. ಎರಡನೆಯದು, ಮೌಲ್ಯಮಾಪನವನ್ನು ನಾನು ವೀಕ್ಷಣಾ ಪಾಠದ ದಿನಕ್ಕೆ ಮುಗಿಸಿದ್ದೆ. ನಲವತ್ತು ನಿಮಿಷದ ಅವಧಿಗೆ ಗಿಡದ ಬೇರು ಹೊಂದಿಕೊಳ್ಳುವುದಿಲ್ಲ. ಪಾಠವೇ ಗಿಡಕ್ಕೆ ಹೊಂದಿಕೊಳ್ಳಬೇಕು.

ಈ ಪಾಠವನ್ನು ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು:

ಇಂಟರ್ನ್‌ಶಿಪ್ ಮಳೆಗಾಲದಲ್ಲಿ ಬಂದರೆ ಮೊದಲ ವಾರವೇ ಗಿಡ ಕೀಳಿ. ಘಟಕ ಬೋಧನೆ ಆಮೇಲೆ ಬರಲಿ.

ಕನಿಷ್ಠ ನಾಲ್ಕೈದು ಗಿಡ ಇಟ್ಟುಕೊಳ್ಳಿ. ಅರಳಿ, ಆಲ, ಬಸರಿಗಳು ಬೇರು–ಟೊಂಗೆ ಕತ್ತರಿಸಿದರೂ ತಡೆದುಕೊಳ್ಳುವ ಜಾತಿಗಳು; ಆದರೂ ಎಲ್ಲವೂ ಉಳಿಯುತ್ತವೆಂದು ಮಕ್ಕಳಿಗೆ ಭರವಸೆ ಕೊಡಬೇಡಿ.

ಪ್ರತಿ ಗುಂಪಿಗೂ ಒಂದು ವೀಕ್ಷಣಾ ಪುಸ್ತಕವಿರಲಿ: ದಿನಾಂಕ, ಮಳೆ, ಚಿಗುರಿನ ಸಂಖ್ಯೆ, ನಡುಹಗಲಿನಲ್ಲಿ ಎಲೆಯ ಸ್ಥಿತಿ.

ಪೂಜೆಗೊಳ್ಳುವ ಅರಳಿಕಟ್ಟೆಯ ಗಿಡ, ಬೇರೆಯವರ ಹೊಲದ ಬದುವಿನ ಗಿಡ ಮುಟ್ಟಬೇಡಿ.

ವೀಕ್ಷಕರು ಬರುತ್ತಾರೆಂದು ಗಿಡವನ್ನು ಬಕೆಟ್ಟಿನಿಂದ ತೆಗೆಯಬೇಡಿ.

ಎರಡನೇ ಗಿಡ

ಬೋಳು ಗಿಡ ಆಮೇಲೆ ಚಿಗುರಿತು. ಈ ಬಾರಿ ಯಾರೂ ಕುಣಿಯಲಿಲ್ಲ. "ಇನ್ನೂ ನಂಬಂಗಿಲ್ಲ" ಎಂದು ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಂಡರು. ಸೆಪ್ಟೆಂಬರ್ ಕೊನೆಗೆ ಎರಡನೇ ಸುತ್ತಿನ ಎಲೆ ಬಂತು, ತೂತಿನಲ್ಲಿ ಬೇರು ಇಣುಕಿತು.

ನನ್ನ ಕೊನೆಯ ವಾರ ಈ ಗಿಡ ಏನಾಗಬೇಕೆಂದು ತರಗತಿಯಲ್ಲಿ ಚರ್ಚೆ ಇಟ್ಟೆ. ನಿಜ ಹೇಳಬೇಕೆಂದರೆ ಅದನ್ನು ಬೋನ್ಸಾಯ್ ಮಾಡುವ ಆಸೆ ನನಗಿತ್ತು. ಅಷ್ಟು ಸುಂದರವಾದ ಬುಡ. ಮತ ಹಾಕಿದಾಗ 21 ಮಕ್ಕಳು ನೆಲಕ್ಕೆ, 13 ಮಕ್ಕಳು ಕುಂಡಕ್ಕೆ. ಶಾಲೆಯ ಹತ್ತಿರ ನೆಟ್ಟರೆ ಬೇರು ಮತ್ತೆ ಗೋಡೆ ಬಿರಿಸುತ್ತದೆ ಎಂದು ಕುಂಡದ ಪಕ್ಷದವರು ವಾದಿಸಿದರು. ಕಟ್ಟಡಗಳಿಂದ ದೂರ, ಕೆರೆ ಏರಿಯ ಆಚೆಗಿನ ಗೋಮಾಳದಲ್ಲಿ, ಪಂಚಾಯಿತಿಯನ್ನು ಕೇಳಿಕೊಂಡು, ಬರುವ ಮಳೆಗಾಲದಲ್ಲಿ ನೆಡುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ನೀರು ಹಾಕುವ ಸರದಿಯ ಪಟ್ಟಿಯನ್ನು ಮಕ್ಕಳೇ ಬರೆದು ವರಾಂಡದ ಕಂಬಕ್ಕೆ ಅಂಟಿಸಿದರು. 'ಬಕೆಟ್ ಬದಲಿಸಬಾರದು' ಎಂಬುದು ಅದರ ಮೊದಲ ಸಾಲು.