ಸ್ಥಾಪನೆ ಮತ್ತು ಸಂಪುಟೀಕರಣ

ಕುಂದಗೋಳ ಸೀಮೆಯ ರೈತನು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ಮುನ್ನ ಎರಡು ಕೆಲಸಗಳನ್ನು ಮಾಡುತ್ತಾನೆ. ಮೊದಲು ಕೆಂಪಗೆ ಒಣಗಿದುದನ್ನೂ ಬಿಳಿಚಿದುದನ್ನೂ ಆರಿಸಿ ಬೇರೆ ಬೇರೆ ರಾಶಿ ಹಾಕುತ್ತಾನೆ. ಬಳಿಕ ಚೀಲ ತುಂಬಿ, ಬಾಯಿ ಹೊಲಿದು, ಗುರುತು ಹಾಕುತ್ತಾನೆ. ಆರಿಸುವುದನ್ನೂ ತುಂಬುವುದನ್ನೂ ಕೂಡಿಯೇ ಮಾಡಿದರೆ ಚೀಲದ ತಳದಲ್ಲಿ ಏನಿದೆಯೆಂಬುದು ಅವನಿಗೇ ತಿಳಿಯದು. ಗಣಕಯಂತ್ರದ ತಂತ್ರಾಂಶವನ್ನು ಸಿದ್ಧಪಡಿಸುವಲ್ಲಿಯೂ ಇದೇ ವಿವೇಕವು ಅವಶ್ಯವಾಗಿದೆ.

ಅಲ್ಲಿ ಮೂರು ಘಟ್ಟಗಳುಂಟು. ಮೂಲಪಾಠದಿಂದ ಬಳಕೆಯ ಕಡತಗಳನ್ನು ಉಂಟುಮಾಡುವುದು ನಿರ್ಮಾಣ. ಒಂದೊಂದು ಕಡತವನ್ನೂ ಅದಕ್ಕೆ ಸಲ್ಲುವ ಸ್ಥಾನದಲ್ಲಿ ಇರಿಸುವುದು ಸ್ಥಾಪನೆ. ಹಾಗೆ ಇರಿಸಿದುದನ್ನು ಹೆಸರು, ಆವೃತ್ತಿ, ಅವಲಂಬನೆಗಳ ವಿವರದೊಡನೆ ಒಂದೇ ಕಟ್ಟಾಗಿ ಮಾಡುವುದು ಸಂಪುಟೀಕರಣ. 1976ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ನರು ರಚಿಸಿದ ‘ಮೇಕ್’ ಎಂಬ ಸಾಧನವು ಇಂಥ ಘಟ್ಟಗಳನ್ನು ಬೇರೆ ಬೇರೆ ಹೆಸರಿಟ್ಟು ಬರೆದಿಡಲು ಅನುಕೂಲ ಕಲ್ಪಿಸಿತು.

ಕನ್ನಡದ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಮಾದರಿಗಳು 1993ರಲ್ಲಿ ಆರಂಭವಾದ ಡೆಬಿಯನ್ ತಂತ್ರಾಂಶ ಭಂಡಾರದಲ್ಲಿ ಕಟ್ಟುಗಳಾಗಿ ದೊರೆಯುತ್ತವೆ. ಇಂಥ ಕಟ್ಟನ್ನು ಮಾಡುವವನು ಅಕ್ಷರಗಳ ಕಡತವನ್ನು ತನ್ನ ಯಂತ್ರದ ನಿಜವಾದ ಕೋಶದಲ್ಲಿ ಇಡತಕ್ಕದ್ದಲ್ಲ. ಬರಿದಾದ ತಾತ್ಕಾಲಿಕ ಕೋಶವೊಂದನ್ನೇ ಯಂತ್ರದ ಬುಡವೆಂದು ಭಾವಿಸಿ, ಅದರೊಳಗೆ ಸ್ಥಾನಗಳನ್ನು ಯಥಾವತ್ತಾಗಿ ಏರ್ಪಡಿಸತಕ್ಕದ್ದು. ಈ ತಾತ್ಕಾಲಿಕ ನೆಲೆಯನ್ನು ಸೂಚಿಸುವ ಸಂಕೇತಕ್ಕೆ ‘ಡೆಸ್ಟ್‌ಡಿರ್’ ಎಂದು ಹೆಸರು. ಅಲ್ಲಿಗೆ ಸ್ಥಾಪನೆಯು ಮುಗಿಯಿತು. ಸಂಪುಟೀಕರಣವು ಆ ಕೋಶದಲ್ಲಿ ಇದ್ದುದನ್ನು ಇದ್ದಂತೆಯೇ ಕಟ್ಟುತ್ತದೆ.

ಅಕ್ಷರಮಾದರಿಗಳ ಸೂಚಿಯನ್ನು ಹೊಸದಾಗಿಸುವ ಕಾರ್ಯವಾದರೋ ಇವೆರಡಕ್ಕೂ ಸೇರದು. ಅದು ಕಟ್ಟನ್ನು ಬಿಚ್ಚಿದ ಯಂತ್ರದಲ್ಲಿಯೇ ನಡೆಯಬೇಕು. ಅಲ್ಲಿ ಮೊದಲೇ ಯಾವ ಅಕ್ಷರಗಳಿವೆಯೆಂಬುದನ್ನು ಕಟ್ಟುವವನು ಅರಿಯನು.

ಈ ವಿಭಾಗದ ಪ್ರಯೋಜನಗಳು ಮೂರು. ಸ್ಥಾಪನೆಯ ವಿಧಿಯನ್ನು ಒಮ್ಮೆ ಬರೆದಿಟ್ಟರೆ ಡೆಬಿಯನ್, ಫೆಡೋರಾ ಮೊದಲಾದವು ಅದನ್ನೇ ಬಳಸಿ ತಮ್ಮ ತಮ್ಮ ರೀತಿಯಲ್ಲಿ ಕಟ್ಟಿಕೊಳ್ಳಬಹುದು. ಕಟ್ಟುವವನ ಯಂತ್ರವು ಕೆಡದು. ಕಟ್ಟಿನೊಡನೆ ಕಡತಗಳ ಪಟ್ಟಿಯೂ ಇರುವುದರಿಂದ, ಬೇಡವಾದಾಗ ಇಟ್ಟುದೆಲ್ಲವನ್ನೂ ಹುಡುಕಾಟವಿಲ್ಲದೆ ತೆಗೆಯಬಹುದು.

ದಾನಿಗಳು ಶಾಲೆಯೊಂದಕ್ಕೆ ಹತ್ತು ಗಣಕಯಂತ್ರಗಳನ್ನು ಇತ್ತರೆಂದು ಭಾವಿಸೋಣ. ಅವುಗಳಲ್ಲಿ ಕನ್ನಡವು ಒಂದೇ ಪರಿಯಾಗಿ ಮೂಡುವುದು ಒಬ್ಬ ಅಧ್ಯಾಪಕರ ಕೈಚಳಕವನ್ನೇ ನೆಚ್ಚಿದ್ದರೆ, ಅವರು ವರ್ಗವಾದ ದಿನವೇ ಆ ವಿದ್ಯೆಯೂ ಶಾಲೆಯಿಂದ ಹೊರಟುಹೋಗುತ್ತದೆ. ಯಾವುದು ಎಲ್ಲಿರಬೇಕು, ಹೇಗೆ ಕಟ್ಟಬೇಕು ಎಂಬ ಎರಡು ವಿಧಿಗಳೂ ಬೇರೆ ಬೇರೆಯಾಗಿ ಬರಹದಲ್ಲಿ ನಿಂತಿದ್ದರೆ, ಮುಂದೆ ಬರುವವರು ಅವನ್ನು ಓದಿ ತಿಳಿದು, ತಪ್ಪಿದ್ದಲ್ಲಿ ತಿದ್ದಿ, ಕೆಲಸವನ್ನು ಮುಂದುವರಿಸಬಲ್ಲರು.