ಮೆಟ್ಟಿಲು ಬಾವಿ ಕಲಿಸಿದ ಪಾಠ

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಈ ಭಾಗ್ಯವು ಒಬ್ಬೊಬ್ಬರ ಎಚ್ಚರಿಕೆಯಿಂದಷ್ಟೇ ದೊರೆಯುವಂಥದಲ್ಲ. ಊರಿಗೆಲ್ಲ ಒಂದೇ ಬಾವಿ ಇರುವಲ್ಲಿ ಒಬ್ಬನ ಕಾಲಿನ ಹುಣ್ಣು ಹಲವರ ಕಾಲಿನ ಹುಣ್ಣಾಗಬಹುದು. ಹಾಗೆಯೇ ಊರೆಲ್ಲ ಒಂದಾಗಿ ನಿಂತರೆ, ಔಷಧಿಗೆ ಬಗ್ಗದ ರೋಗವನ್ನೂ ಬೇರುಸಹಿತ ಕಿತ್ತೊಗೆಯಬಹುದು. ಈ ಎರಡು ಮಾತುಗಳಿಗೂ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ಅದು ನಾರುಹುಣ್ಣಿನ ಕಥೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಲೆಕ್ಕದಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ, ವಾರ್ಷಿಕ ಪರೀಕ್ಷೆಗೆ ಕೆಲವೇ ದಿನಗಳು ಉಳಿದಿರುವಾಗ, ಅವನು ಶಾಲೆಗೆ ಬರುವುದು ನಿಂತುಹೋಯಿತು. ಗುರುಗಳ ಅಪ್ಪಣೆಯಂತೆ ನಾವಿಬ್ಬರು ಅವನ ಮನೆಗೆ ಹೋದೆವು. ಅವನು ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದನು. ಒಂದು ಪಾದ ಬಾತುಕೊಂಡಿತ್ತು. ಹುಣ್ಣಿನ ಬಾಯಿಂದ ಬಿಳಿಯ ದಾರದಂತಹ ಎಳೆಯೊಂದು ಹೊರಬಂದಿತ್ತು. ಅದನ್ನು ಚಿಕ್ಕ ಕಡ್ಡಿಯೊಂದಕ್ಕೆ ಸುತ್ತಿದ್ದರು. ಅವನ ತಾಯಿ ಅದನ್ನು ದಿನವೂ ಬೆರಳಗಲದಷ್ಟು ಮಾತ್ರ ಸುತ್ತುತ್ತಿದ್ದಳು. ಕುತೂಹಲದಿಂದ ಕೈಚಾಚಿದ ನಮಗೆ ಆಕೆ, “ಜಗ್ಗಬ್ಯಾಡ್ರೋ ತಮ್ಮಾ, ಹರಿದರ ಕಾಲೇ ಕೆಡ್ತದ” ಎಂದಳು. ಒಳಗೆ ಅವನ ತಂದೆಯೂ ಅದೇ ಬಾಧೆಯಿಂದ ಮಲಗಿದ್ದನು. ಆ ವರ್ಷ ಹುಡುಗನು ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ, ಕೂಲಿಗೆ ಹೋದನು. ಊರಿನ ಹಿರಿಯರು, “ಅವರ ಹಣೆಬರಹ” ಎಂದು ನಿಟ್ಟುಸಿರು ಬಿಟ್ಟರು.

ಅದು ಹಣೆಬರಹವಾಗಿರಲಿಲ್ಲ, ಒಂದು ಹುಳುವಿನ ಕಾರ್ಯವಾಗಿತ್ತು. ಕೆರೆ, ಕುಂಟೆ, ಬಾವಿಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯು ವಾಸಿಸುತ್ತದೆ. ನಾರುಹುಳುವಿನ ಮರಿಗಳು ಇದರ ಹೊಟ್ಟೆಯನ್ನು ಸೇರಿ ಸುಮಾರು ಎರಡು ವಾರಗಳ ಕಾಲ ಬೆಳೆಯುತ್ತವೆ. ಆ ನೀರನ್ನು ಸೋಸದೆ ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಮರಿಗಳು ಹೊರಬಂದು ಕರುಳಿನ ಗೋಡೆಯನ್ನು ಭೇದಿಸಿ ದೇಹವನ್ನು ಪ್ರವೇಶಿಸುತ್ತವೆ. ಹೆಣ್ಣುಹುಳು ಎರಡು ಮೂರು ಅಡಿಗಳಷ್ಟು ಉದ್ದ ಬೆಳೆಯುತ್ತದೆ. ಸುಮಾರು ಒಂದು ವರ್ಷದವರೆಗೆ ರೋಗಿಗೆ ಅದರ ಸುಳಿವೇ ಇರುವುದಿಲ್ಲ. ಬಳಿಕ ಅದು ಸಾಮಾನ್ಯವಾಗಿ ಮೊಣಕಾಲಿನ ಕೆಳಭಾಗಕ್ಕೆ ಇಳಿದು, ಚರ್ಮದ ಮೇಲೆ ಬೊಬ್ಬೆಯೆಬ್ಬಿಸಿ ಹೊರಬರಲಾರಂಭಿಸುತ್ತದೆ. ಆಗಿನ ಉರಿ ಬೆಂಕಿಯ ಉರಿಯಂತೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ಹುಳುವು ಕಾಯುತ್ತಿದ್ದುದೂ ಅದಕ್ಕಾಗಿಯೇ! ನೀರು ಸೋಂಕಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುತ್ತದೆ. ಅವುಗಳನ್ನು ಸೈಕ್ಲಾಪ್ಸ್ ನುಂಗುತ್ತದೆ. ಆ ನೀರನ್ನು ಮತ್ತೊಬ್ಬನು ಕುಡಿಯುತ್ತಾನೆ. ಹೀಗೆ ಚಕ್ರವು ಮರಳಿ ಮೊದಲಾಗುತ್ತದೆ.

ನಮ್ಮ ರಾಜ್ಯದ ಕಲಬುರಗಿ, ರಾಯಚೂರು ಮೊದಲಾದ ಒಣ ಸೀಮೆಗಳ ಹಳ್ಳಿಗಳಲ್ಲಿ ಈ ಚಕ್ರಕ್ಕೆ ಆಸರೆಯಾದುದು ಮೆಟ್ಟಿಲು ಬಾವಿ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಜನರು ಮೆಟ್ಟಿಲುಗಳನ್ನಿಳಿದು, ನೀರಿನಲ್ಲಿಯೇ ಕಾಲಿಟ್ಟು, ಕೊಡವನ್ನು ತುಂಬಿಕೊಳ್ಳುತ್ತಿದ್ದರು. ಇದನ್ನು ಅವರ ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಬೇರೆ ನೀರು ಅವರಿಗೆ ಎಲ್ಲಿತ್ತು? ಬಾಯಾರಿದ ಮಗುವಿನ ಮುಂದೆ ಕುಳಿತ ತಾಯಿಗೆ, ಈ ನೀರನ್ನು ಕುಡಿಸಬೇಡವೆಂದಷ್ಟೇ ಹೇಳಿ ಹೊರಡುವವನು ಅರ್ಧ ಮಾತನ್ನು ಮಾತ್ರ ಹೇಳಿದಂತೆ. ಯಾವ ನೀರನ್ನು ಕುಡಿಸಬೇಕೆಂಬುದೇ ಉಳಿದರ್ಧ. ಅಭಿವೃದ್ಧಿಶೀಲ ರಾಷ್ಟ್ರಗಳ ಆರೋಗ್ಯ ಸಮಸ್ಯೆಯ ತಿರುಳು ಇಲ್ಲಿಯೇ ಇದೆ. ಬಡತನದಿಂದ ರೋಗ, ರೋಗದಿಂದ ದುಡಿಮೆ ನಿಂತು ಮತ್ತಷ್ಟು ಬಡತನ.

ಸಿಡುಬನ್ನು ತಡೆಯಲು ಲಸಿಕೆಯಿತ್ತು. ಆದರೆ ನಾರುಹುಣ್ಣಿಗೆ ಲಸಿಕೆಯೂ ಇಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಒಮ್ಮೆ ಬಂದುಹೋದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹೀಗಿದ್ದರೂ ಭಾರತ ಸರ್ಕಾರವು 1983-84ರಲ್ಲಿ ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯು ಇದರ ಮುಂದಾಳತ್ವವನ್ನು ವಹಿಸಿತು. 1984ರಲ್ಲಿ ದೇಶದ 12 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ ಈ ರಾಜ್ಯಗಳಲ್ಲಿ ರೋಗವಿತ್ತು.

ಶತ್ರುವಿನ ಬಲವನ್ನು ಅರಿತಂತೆ ಅವನ ದೌರ್ಬಲ್ಯವನ್ನೂ ಅರಿಯಬೇಕು. ಮನುಷ್ಯನ ಕಾಲು ನೀರನ್ನು ಮುಟ್ಟದಿದ್ದರೆ ಅಥವಾ ಸೈಕ್ಲಾಪ್ಸ್ ಮನುಷ್ಯನ ಹೊಟ್ಟೆಯನ್ನು ಸೇರದಿದ್ದರೆ ಹುಳುವಿನ ಚಕ್ರವು ಅಲ್ಲಿಗೇ ತುಂಡಾಗುತ್ತದೆ. ಆದುದರಿಂದ ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ, ಮೇಲಿನಿಂದ ಹಗ್ಗದಲ್ಲಿ ಸೇದುವ ಬಾವಿಗಳನ್ನಾಗಿ ಮಾಡಿದರು. ಕೊಳವೆ ಬಾವಿ ಕೊರೆದು ಕೈಪಂಪುಗಳನ್ನು ನೆಟ್ಟರು. ಸೈಕ್ಲಾಪ್ಸನ್ನು ಕೊಲ್ಲಲು ಟೆಮೆಫಾಸ್ ಎಂಬ ರಾಸಾಯನಿಕವನ್ನು ಗೊತ್ತಾದ ಪ್ರಮಾಣದಲ್ಲಿ ನೀರಿಗೆ ಬೆರೆಸಿದರು. ಮನೆಮನೆಗೂ ಹೋಗಿ, ಕುಡಿಯುವ ನೀರನ್ನು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದರು. ಎರಡು ಮಡಿಕೆಯ ಬಟ್ಟೆಯೊಂದು ಎರಡು ಮೂರು ಅಡಿಯ ಹುಳುವನ್ನು ಗೆಲ್ಲಬಲ್ಲದೆಂದು ಯಾರು ಊಹಿಸಿದ್ದರು?

ಇದು ಒಂದೆರಡು ದಿನಗಳಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಇಂದು ಕುಡಿದ ನೀರಿನ ಫಲ ಕಾಣುವುದು ಒಂದು ವರ್ಷದ ಅನಂತರ. ಆದಕಾರಣ ಸೋಸಿದ ನೀರನ್ನು ಕುಡಿದವನಿಗೂ ಹಿಂದಿನ ವರ್ಷದ ಹುಳುವು ಕಾಣಿಸಿಕೊಳ್ಳಬಹುದು, “ಸೋಸಿ ಏನು ಫಲ?” ಎಂದು ಅವನು ಕೇಳಿದರೆ ತಾಳ್ಮೆಯಿಂದ ಉತ್ತರ ಹೇಳಬೇಕು. ರೋಗಿಗಳ ಸಂಖ್ಯೆ ಇಳಿದಂತೆ ಕೆಲಸ ಹಗುರವಾಗಲಿಲ್ಲ, ಕಠಿಣವಾಯಿತು. ಸಾವಿರ ರೋಗಿಗಳಿದ್ದಾಗ ಕಣ್ಣಿಗೆ ಬೀಳುವ ರೋಗವು, ಒಬ್ಬನೇ ಉಳಿದಾಗ ಹುಡುಕಿದರೂ ಸಿಕ್ಕುವುದಿಲ್ಲ. ಆ ಒಬ್ಬನನ್ನು ಬಿಟ್ಟರೆ ಹಿಂದಿನ ಶ್ರಮವೆಲ್ಲ ನೀರುಪಾಲು. ಆದುದರಿಂದ ಕಾರ್ಯಕರ್ತರು ಮತ್ತೆ ಮತ್ತೆ ಮನೆಬಾಗಿಲಿಗೆ ಹೋಗಿ ವಿಚಾರಿಸಿದರು. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವನ್ನೂ ಸಾರಿದರು.

ಈ ಸಾಹಸವು ಫಲಿಸಿತು. 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದ ರೋಗಿಯೇ ಭಾರತದ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಘೋಷಿಸಿತು. 1980ರ ದಶಕದ ನಡುವಿನಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 35 ಲಕ್ಷ ಜನರು ಈ ರೋಗಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. 2021ರಿಂದ 2024ರವರೆಗೆ ಯಾವ ವರ್ಷದಲ್ಲಿಯೂ ರೋಗಿಗಳ ಸಂಖ್ಯೆ 20ನ್ನು ಮುಟ್ಟಲಿಲ್ಲ. ಅವರೆಲ್ಲರೂ ಆಫ್ರಿಕಾ ಖಂಡದವರು. ಅಲ್ಲಿನ ಚಾಡ್ ದೇಶದಲ್ಲಿ ನಾಯಿಗಳಿಗೂ ಈ ಹುಳು ತಗಲಿರುವುದರಿಂದ ಹೋರಾಟವು ಇನ್ನೂ ಮುಗಿದಿಲ್ಲ.

ನಮ್ಮ ಹೋರಾಟವಾದರೂ ಮುಗಿಯಿತೆ? ನಾರುಹುಣ್ಣು ಹೋಯಿತು, ಕಲುಷಿತ ನೀರಿನಿಂದ ಬರುವ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಹೋಗಿಲ್ಲ. ನಾರುಹುಣ್ಣಿನಿಂದ ನಮ್ಮನ್ನು ಕಾಪಾಡಿದ ಕೊಳವೆ ಬಾವಿಯ ನೀರಿನಲ್ಲಿಯೇ ಕೆಲವೆಡೆ ಫ್ಲೋರೈಡ್ ಅತಿಯಾಗಿ, ಹಲ್ಲು ಮೂಳೆಗಳನ್ನು ಕೆಡಿಸುತ್ತಿದೆ. ಒಂದು ತೊಡಕನ್ನು ಬಿಡಿಸಿದ ಕೈಗೆ ಮತ್ತೊಂದು ತೊಡಕು ಸಿಕ್ಕುತ್ತದೆ. ಬಾಯಾರಿದಾಗ ಬಾವಿ ತೋಡುವ ಅಭ್ಯಾಸವನ್ನು ಬಿಟ್ಟು, ರೋಗ ಬರುವ ಮೊದಲೇ ನೀರನ್ನು ಪರೀಕ್ಷಿಸುವ, ಕಾಪಾಡುವ ಹೊಣೆಯನ್ನು ನಾವು ಹೊರಬೇಕು.

ಕೆಲವು ವರ್ಷಗಳ ಹಿಂದೆ ನಾನು ನಮ್ಮೂರಿಗೆ ಹೋಗಿದ್ದೆನು. ಹಳೆಯ ಬಾವಿಯ ಮೆಟ್ಟಿಲುಗಳಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯಿದೆ. ಅದರ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದ ಹುಡುಗನೊಬ್ಬನನ್ನು, “ನಾರುಹುಣ್ಣು ಎಂದರೇನು, ಬಲ್ಲೆಯಾ?” ಎಂದು ಕೇಳಿದೆನು. “ಇಲ್ರೀ ಅಜ್ಜಾರ” ಎಂದು ಹೇಳಿ ಅವನು ತನ್ನ ಲೆಕ್ಕಕ್ಕೆ ಮರಳಿದನು. ಅವನಿಗೆ ಅದು ತಿಳಿಯದಿದ್ದುದೇ ನನಗೆ ಸಂತೋಷವಾಯಿತು. ಜೊತೆಗೆ, ಪರೀಕ್ಷೆಗೆ ಬಾರದೆಹೋದ ನನ್ನ ಗೆಳೆಯನ ನೆನಪೂ ಆಯಿತು.

ಅಭ್ಯಾಸ

1. ನಾರುಹುಳುವಿನ ಜೀವನಚಕ್ರವನ್ನು ವಿವರಿಸಿರಿ.
2. ಮೆಟ್ಟಿಲು ಬಾವಿಯು ರೋಗಕ್ಕೆ ಹೇಗೆ ಆಸರೆಯಾಗಿತ್ತು? ಅದನ್ನು ಹೇಗೆ ಸುಧಾರಿಸಿದರು?
3. “ರೋಗಿಗಳ ಸಂಖ್ಯೆ ಇಳಿದಂತೆ ಕೆಲಸ ಹಗುರವಾಗಲಿಲ್ಲ.” ಏಕೆ?
4. ನಿಮ್ಮ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ವಿಚಾರಿಸಿ ಒಂದು ಪುಟ ಬರೆಯಿರಿ.